ಚೈನಿಗೆ ಸಿಕ್ಕ ಹುರುಳಿ ಹೊಟ್ಟು

ನಾನು ಹುಟ್ಟಾ ಅನುಮಾನದ ಮನುಷ್ಯ. ಹಾಲಿಗೆ ನೀರು ಬೆರೆಸಿದ್ದಾರೆಯೇ ಅಂತ ಬೆರಳದ್ದಿ ನೋಡದೆ ಕಾಫಿಗೆ ಬಿಡುವುದಿಲ್ಲ. ಇನ್ನು ಬೈಕಿನ ವಿಷಯ ಕೇಳಲೇಬೇಡಿ. ವಾರವಿಡೀ ಶ್ರೀರಂಗಪಟ್ಟಣದಿಂದ ರೈಲು ಹಿಡಿದು ಮೈಸೂರಿನ ಆಫೀಸಿಗೆ ಹೋಗುವ ನನಗೆ ಭಾನುವಾರದ ಸವಾರಿಯೊಂದೇ ಸುಖ. ಮುಂಗಾರಿನಲ್ಲಿ ಪಾಲಹಳ್ಳಿಯ ನಾಟಿ ಗದ್ದೆಗಳ ಪಕ್ಕ, ಚಳಿಗೆ ಕೆ.ಆರ್. ಪೇಟೆ ಕಡೆ ಗೋವಿಂದನಹಳ್ಳಿಯವರೆಗೆ, ಬಿಸಿಲು ಏರುವ ಮೊದಲು ನಾಗಮಂಗಲದ ಹೊಂಗೆ ಮರಗಳ ಕೆಳಗೆ. ಹೋಗುವುದು ಒಬ್ಬನೇ. ನನ್ನ ಹೆಂಡತಿ ಹಿಂದೊಮ್ಮೆ ಬೈಕ್ ಕಲಿಯುತ್ತೇನೆಂದು ಹೊರಟು ಚರಂಡಿಗೆ ಬಿದ್ದಿದ್ದಳು. "ನಿನ್ ಕೈಲಾಗಲ್ಲ ಬುಡು" ಅಂದಿದ್ದೆ, ಬೀದಿಯವರಿಗೆಲ್ಲ ಕೇಳುವ ಹಾಗೆ.

ಕಳೆದ ಮಳೆಗಾಲದಲ್ಲಿ ಮಡ್‌ಗಾರ್ಡಿನೊಳಗೆ ಕೆಂಪು ಮಣ್ಣು ಅಂಟಿದ್ದು ಕಂಡಿತು. ನಮ್ಮ ನಾಲೆ ಬಯಲಿನದು ಕಪ್ಪು ಮಣ್ಣು. ನಾನು ಆ ಎರಡು ವಾರ ಬೈಕ್ ಹತ್ತಿ ಊರು ಬಿಟ್ಟಿರಲಿಲ್ಲ. ಆಮೇಲೆ ನೋಡಿದರೆ ಕನ್ನಡಿ ಕೆಳಕ್ಕೆ ಬಾಗಿತ್ತು. ಸರಿ ಮಾಡಿದೆ, ಮತ್ತೆ ಬಾಗಿತು. ಯಾರೋ ಕುಳ್ಳ ಓಡಿಸುತ್ತಿದ್ದಾನೆ ಅಂದುಕೊಂಡೆ. ಬೀಗದ ಕೈ ಇರುವುದು ಮನೆಯೊಳಗೆ. ಹಾಗಾದರೆ ಕೊಡುತ್ತಿರುವುದು ಹೆಂಡತಿಯೇ. ಯಾರಿಗೆ? ಅಥವಾ ಅವನ ಹಿಂದೆ ಇವಳೂ ಕೂತು ಹೋಗುತ್ತಾಳೋ? ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಯೋಚಿಸಿದ್ದು ನಿಜ. ದಿನಾ ಬೆಳಿಗ್ಗೆ ಟೈರಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕತೊಡಗಿದೆ. ಗುರುತು ಅಳಿಸಿರುತ್ತಿದ್ದುದು ಬುಧವಾರಗಳಲ್ಲಿ.

ಪುಷ್ಯ ಮಾಸದಲ್ಲಿ ಚೈನಿನಿಂದ ಹುರುಳಿ ಹೊಟ್ಟು ಎಳೆದು ತೆಗೆದಾಗ ಜಾಗವೂ ಗೊತ್ತಾಯಿತು. ಪಾಂಡವಪುರ ದಾಟಿ ನಾಗಮಂಗಲದ ಕಡೆ ಆ ದಿನಗಳಲ್ಲಿ ಹುರುಳಿ ಗಿಡಗಳನ್ನು ಟಾರು ರಸ್ತೆಗೇ ಹರಡುತ್ತಾರೆ. ಹೋಗಿ ಬರುವ ಗಾಡಿಗಳೇ ತುಳಿದು ಕಾಳು ಉದುರಿಸಬೇಕು.

ಮುಂದಿನ ಬುಧವಾರ ರಜೆ ಹಾಕಿ, ಹೆಂಡತಿಗೆ ಹೇಳದೆ, ಬಸ್ಸಿನಲ್ಲಿ ಹೋಗಿ ಆ ರಸ್ತೆ ಬದಿಯ ಟೀ ಅಂಗಡಿಯಲ್ಲಿ ಕೂತೆ. ಹನ್ನೊಂದರ ಹೊತ್ತಿಗೆ ನನ್ನ ಬೈಕಿನ ಸದ್ದು ಕೇಳಿತು. ಎದ್ದು ನಿಂತೆ. ನನ್ನ ಹಳೇ ಜರ್ಕಿನ್ ತೊಟ್ಟು, ಹೆಲ್ಮೆಟ್ ಹಾಕಿಕೊಂಡು, ಹೆಂಡತಿ ಒಬ್ಬಳೇ ಬರುತ್ತಿದ್ದಳು. ಹುರುಳಿಯ ಮೇಲೆ ಜಾರದ ಹಾಗೆ ಎರಡೂ ಕಾಲು ಇಳಿಬಿಟ್ಟು, ಸಣ್ಣ ಗೇರಿನಲ್ಲಿ.

ಗಿಡ ತಿರುವಿ ಹಾಕುತ್ತಿದ್ದ ಮುದುಕಿ, "ಬಂದ್ಯಾ ನನ್ನವ್ವ, ಇನ್ನೊಂದ್ ಸುತ್ತು ಓಡ್ಸು, ಕಾಳು ಉದುರ್ನಿಲ್ಲ" ಅಂದಳು. ಇವಳು ನಗುತ್ತಾ ಗಾಡಿ ತಿರುಗಿಸಿದಳು. ಆಗ ಅವಳ ಕಣ್ಣಿಗೆ ನಾನು ಬಿದ್ದೆ.

ಗಾಡಿ ನಿಲ್ಲಿಸಿದಳು. ಹೆದರಲಿಲ್ಲ. "ಯಾರ್ ಜೊತೆ ಬತ್ತೀನಿ ಅಂತ ನೋಡಕ್ ಬಂದ್ರಾ?" ಅಂದಳು.

ನಾನು ಅಂಗಡಿಯ ನೆರಳಿನಿಂದ ರಸ್ತೆಗಿಳಿದೆ.

"ಮಳೆಗಾಲದಿಂದ ಚೈನು, ಟೈರು ಎಲ್ಲಾ ಮೂಸಿ ನೋಡುದ್ರಿ. ನನ್ನ ಒಂದ್ ಮಾತು ಕೇಳುದ್ರಾ? ಕೇಳಿದ್ರೆ ಹೇಳ್ತಿದ್ದೆ."

ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು ಬಸ್ಸು ಹತ್ತಿ ಹೋದಳು.

ಆಮೇಲೆ ಕ್ಷಮೆ ಕೇಳಿದೆ. "ಆಯ್ತು ಬುಡಿ" ಅಂದಳು, ಅಷ್ಟೇ. ಈಗ ಹೊಂಗೆ ಹೂ ಬಿಟ್ಟಿದೆ. ಗಾಡಿ ತಗೊಂಡು ಹೋಗು ಅಂತ ಎಷ್ಟೋ ಸಲ ಹೇಳಿದೆ. ಬೀಗದ ಕೈ ಬಾಗಿಲ ಪಕ್ಕದ ಮೊಳೆಯಲ್ಲೇ ಇದೆ. ಬುಧವಾರ ಸಂಜೆ ರೈಲಿಳಿದು ಬಂದವನು ಚಪ್ಪಲಿ ಬಿಡುವ ಮೊದಲೇ ಬೈಕಿನ ಹತ್ತಿರ ಹೋಗಿ ನೋಡುತ್ತೇನೆ. ಕನ್ನಡಿ ನಾನು ತಿರುಗಿಸಿಟ್ಟ ಹಾಗೆಯೇ ಇರುತ್ತದೆ.