ಹತ್ತನೆಯ ಗೆರೆಯ ಹೆಬ್ಬೆಟ್ಟು

ಇದನ್ನು ಹೇಳುವುದನ್ನು ನಾನು ಬಹಳ ಮುಂದೂಡಿದ್ದೇನೆ. ಪ್ರತಿ ಚುನಾವಣೆ ಬಂದಾಗಲೂ ಇದೊಂದು ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡೆ. ಈಗ ಹೇಳುತ್ತೇನೆ. ನಮ್ಮ ನೀರಿನ ಸಂಘದ ಅಭ್ಯರ್ಥಿಯ ನಾಮಪತ್ರ ತಿರಸ್ಕಾರವಾದದ್ದು ಓದು ಬಾರದ ಒಬ್ಬ ಹೆಣ್ಣುಮಗಳ ಹಟದಿಂದ ಅಲ್ಲ. ನನ್ನಿಂದ. ಗೊತ್ತಿದ್ದೂ ಮಾಡಿದೆ. ಮಾಡಿ, ಅದನ್ನು ಆಕೆಯ ತಲೆಗೆ ಕಟ್ಟಿದೆ.

ಊರು ಆಕೆಯನ್ನು ಇಂದಿಗೂ ಹೆಬ್ಬೆಟ್ಟವ್ವ ಎನ್ನುತ್ತದೆ. ಆ ಹೆಸರು ಹುಟ್ಟಿದ್ದು ನನ್ನ ಬಾಯಿಂದ ಬಂದ ಒಂದು ಸುಳ್ಳಿನಿಂದ.

ನಮ್ಮೂರು ಇಂಡಿ ತಾಲ್ಲೂಕಿನಲ್ಲಿದೆ, ಕಾಲುವೆಯ ಕೊನೆಯಲ್ಲಿ. ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಡೆ ಹೋದಾಗ ಕಾಲುವೆ ತುಂಬ ನೀರು ಹರಿಯುವುದನ್ನು ಬಸ್ಸಿನ ಕಿಟಕಿಯಿಂದ ನೋಡಿ ಬರುತ್ತಿದ್ದೆವು. ನಮ್ಮಲ್ಲಿ ಅದೇ ಕಾಲುವೆಯೊಳಗೆ ಜಾಲಿಗಿಡ ಬೆಳೆದಿತ್ತು. ಸುತ್ತಲಿನ ಕೆಲವು ಹಳ್ಳಿಯವರು ಸೇರಿ ಸಂಘ ಕಟ್ಟಿದೆವು. ನಾನು ಮ್ಯಾಟ್ರಿಕ್ ಓದಿದವನೆಂದು ಕಾರ್ಯದರ್ಶಿ ಮಾಡಿದರು. ಅರ್ಜಿ ಬರೆಯುವುದು, ಸಭೆಯ ನಿರ್ಣಯಗಳ ಠರಾವು ಬರೆಯುವುದು ನನ್ನ ಕೆಲಸ.

ಆಕೆಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ನಾನು ವರ್ಷಗಟ್ಟಲೆ ಬರೆದ ಅರ್ಜಿಗಳಿಗೆ ಬಾರದ ಎಂಜಿನಿಯರ್ ಸಾಹೇಬರು, ಆಕೆ ಊರ ಹೆಂಗಸರನ್ನು ಕಟ್ಟಿಕೊಂಡು ಕಾಲುವೆಯ ಗೇಟಿನ ಮೇಲೆ ಕೂತ ಮೂರನೇ ದಿನಕ್ಕೆ ಜೀಪಿನಲ್ಲಿ ಬಂದರು. ಆಕೆ ಅವರಿಗೆ ಹೇಳಿದ್ದು ನನಗೆ ನೆನಪಿದೆ.

"ಸಾಹೇಬ್ರ, ಈ ಕಾಲಿವಿಗಿ ನೀರಂದ್ರ ಹ್ಯಾಂಗಿರ್ತದ ಅಂತ ಒಮ್ಮಿ ತೋರಸ್ರಿ. ಪಾಪ, ಅದೂ ನೋಡಿಲ್ಲ."

ಸಾಹೇಬರೂ ನಕ್ಕುಬಿಟ್ಟರು.

ವಿಧಾನಸಭೆ ಚುನಾವಣೆ ಹತ್ತಿರ ಬಂದಾಗ ಸಂಘದಲ್ಲಿ ಜಗಳ ಶುರುವಾಯಿತು. ದೊಡ್ಡ ಪಕ್ಷದ ಒಳಗೆ ಸೇರಿ ಕೆಲಸ ಮಾಡಿಸಿಕೊಳ್ಳೋಣ ಎಂದು ಕೆಲವರು. ನಮ್ಮವರನ್ನೇ ಪಕ್ಷೇತರರಾಗಿ ನಿಲ್ಲಿಸೋಣ, ಸೋತರೂ ನಮ್ಮ ವೋಟೆಷ್ಟು ಅಂತ ಗೊತ್ತಾಗಲಿ ಎಂದು ಕೆಲವರು. ಆಕೆ ಎರಡನೆಯ ಕಡೆ. "ಅವರ ಮನಿಗಿ ಸೊಸಿ ಆಗಿ ಹೋದ್ರ ನೀರ ಕುಡ್ಯಾಕೂ ಅತ್ತಿನ್ನ ಕೇಳಬೇಕ್ರಿ" ಎಂದಳು. ಸಭೆಯೆಲ್ಲ ನಕ್ಕಿತು, ಮತ್ತು ಒಪ್ಪಿತು. ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ಮತ್ತೆ ತಂತಿ ಸುತ್ತುವ ಮೈಬೂಬ ನಮ್ಮ ಅಭ್ಯರ್ಥಿ ಎಂದು ಠರಾವಾಯಿತು. ಅವನು ಕಾಲಿಡದ ಹೊಲವೇ ಆ ಹಳ್ಳಿಗಳಲ್ಲಿ ಇರಲಿಲ್ಲ. ನಾನೂ ಕೈ ಎತ್ತಿದೆ. ನನ್ನ ಕೈಯಿಂದಲೇ ಠರಾವು ಬರೆದೆ.

ಎಂಟು ದಿನಕ್ಕೆ ಪಕ್ಷದ ಮುಖಂಡರೊಬ್ಬರು ಇಂಡಿಯಲ್ಲಿ ನನ್ನನ್ನು ಮನೆಗೆ ಕರೆದು ಚಹಾ ಕೊಟ್ಟರು. ಹೆಸರು ಬೇಡ. ಅವರ ಮೇಲೆ ಹೊರಿಸಿ ನಾನು ಹಗುರಾಗಬಾರದು.

"ನಿಮ್ಮಾಂವ ನಿಂತ್ರ ಗೆಲ್ಲೂದಿಲ್ಲ, ನಮ್ಮ ವೋಟು ಒಡೀತಾನ. ಹೊರಗ ನಿಂತು ಕೂಗಿದ್ರ ಯಾರಿಗಿ ಕೇಳಸ್ತದರಿ? ಒಳಗ ಬರ್ರಿ. ನಿಮ್ಮ ಬೇಡಿಕಿ ಪ್ರಣಾಳಿಕಿಯೊಳಗ ಹಾಕ್ತೇವಿ. ರೈತ ಸಮಿತಿಯೊಳಗ ನಿಮ್ಮ ಹೆಸರ ಹಾಕ್ತೇವಿ."

ಸಂಘದಲ್ಲಿ ಠರಾವಾಗಿ ಹೋಗಿದೆ ಎಂದೆ. ಅವರು ಬಸಿಯಲ್ಲಿದ್ದ ಚಹಾ ಕುಡಿದು ಮುಗಿಸಿ, ನಿಧಾನವಾಗಿ ಅಂದರು: "ಠರಾವು ಮುರೀರಿ ಅಂತ ನಾ ಎಲ್ಲಿ ಅಂದೆ? ಫಾರಮ್ ತುಂಬಾವರು ನೀವs ಅಲ್ಲೇನ್ರಿ?"

ಅಷ್ಟೇ. ಇನ್ನೇನೂ ಹೇಳಲಿಲ್ಲ. ಹೇಳಬೇಕಾಗಲಿಲ್ಲ — ನಾನು ಎದ್ದು ಬರುವಾಗಲೇ ಫಾರಮ್ಮನ್ನು ಹೇಗೆ ಕೆಡಿಸಬೇಕೆಂದು ಹೊಳೆದಿತ್ತು.

ದೊಡ್ಡ ಪಕ್ಷದ ಅಭ್ಯರ್ಥಿಗೆ, ಅವನ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವ ಒಬ್ಬ ಸೂಚಕ ಸಾಕು. ಪಕ್ಷೇತರನಿಗೆ ಹತ್ತು ಜನ ಸೂಚಕರು ಬೇಕು. ಸಹಿ ಬಾರದವರು ಚುನಾವಣಾ ಅಧಿಕಾರಿಯ ಎದುರಿಗೇ ಹೆಬ್ಬೆಟ್ಟು ಒತ್ತಬೇಕು, ಅವರು ಅದನ್ನು ದೃಢೀಕರಿಸಬೇಕು. ಊರಲ್ಲಿ ಒತ್ತಿ ತಂದರೆ ನಡೆಯುವುದಿಲ್ಲ. ಫಾರಮ್ ತರಲು ಹೋದಾಗ ಕಚೇರಿಯ ಗುಮಾಸ್ತರು ನನಗೆ ಇದನ್ನು ಎರಡು ಸಲ ಹೇಳಿದ್ದರು. ನಾನು ತಲೆಯಾಡಿಸಿದ್ದೆ.

ಹತ್ತರಲ್ಲಿ ಒಂಬತ್ತು ಜನ ಸಹಿ ಬರುವವರು. ಹತ್ತನೆಯ ಹೆಸರು ತನ್ನದಿರಬೇಕೆಂದು ಆಕೆ ಕೇಳಿದ್ದಳು, ಎಲ್ಲರೂ ಒಪ್ಪಿದ್ದರು. ನಾನು ಫಾರಮ್ ಹಿಡಿದು ಆಕೆಯ ಮನೆಗೆ ಹೋದಾಗ ಒಗೆದ ಇಳಕಲ್ ಸೀರೆ ಉಟ್ಟು, ತಲೆ ಬಾಚಿ, ಹೊರಡಲು ತಯಾರಾಗಿ ಕೂತಿದ್ದಳು.

"ನಾನೂ ಇಂಡಿಗಿ ಬರ್ತೇನ್ರಿ ಅಣ್ಣಾರ. ಆ ಅಧಿಕಾರಿ ಮುಂದs ಒತ್ತತೇನಿ. ಯಾರು ಒತ್ತ್ಯಾರ ಅಂತ ನನ್ನ ಮಾರಿ ನೋಡ್ಲಿ."

ಕಾನೂನು ಓದದೆ, ಯಾರೂ ಹೇಳದೆ, ಕಾನೂನು ಕೇಳುವುದನ್ನೇ ಆಕೆ ಕೇಳಿದಳು. ನಾನು ಹೇಳಿದೆ —

"ಬಿಸಲ ಭಾಳ ಐತಿ. ಎಲ್ಲಿ ಒತ್ತಿದ್ರೂ ಹೆಬ್ಬೆಟ್ಟs. ಇಲ್ಲೇ ಒತ್ತಿಬಿಡು ತಂಗಿ."

ತಂಗಿ ಎಂದೆ.

"ನೀವು ಕಲ್ತವರದೀರಿ, ನಿಮಗ ಗೊತ್ತs" ಎಂದು ಆಕೆ ಕಟ್ಟೆಯ ಮೇಲೆಯೇ ಶಾಯಿ ಹಚ್ಚಿಕೊಂಡು ಒತ್ತಿದಳು. ಗೆರೆ ದಾಟಬಾರದೆಂದು ಉಸಿರು ಬಿಗಿಹಿಡಿದು ಒತ್ತಿದಳು. ಆಮೇಲೆ ನನಗೆ ಮಜ್ಜಿಗೆ ಕೊಟ್ಟಳು. ನಾನು ಕುಡಿದೆ.

ಸಲ್ಲಿಸಲು ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆಯವರೆಗೆ ಅವಕಾಶ. ಮತದಾರರ ಪಟ್ಟಿಯ ನಕಲು ಮನೆಯಲ್ಲಿ ಮರೆತೆ ಎಂದು ಮೈಬೂಬನನ್ನು ಕಾಯಿಸಿ, ಮೂರಕ್ಕೆ ಹತ್ತು ನಿಮಿಷ ಇರುವಾಗ ಸಲ್ಲಿಸುವಂತೆ ಮಾಡಿದೆ. ಯಾರಾದರೂ ತಪ್ಪು ತೋರಿಸಿದರೂ ಊರಿಗೆ ಹೋಗಿ ಆಕೆಯನ್ನು ಕರೆತರಲು ಹೊತ್ತು ಇರಬಾರದು ಎಂದು. ಇಷ್ಟು ಲೆಕ್ಕಾಚಾರ ಹಾಕಿದವನು ನಾನು. ಆವೇಶದಲ್ಲಿ ಆದ ತಪ್ಪು ಎಂದು ಯಾರೂ ನನಗೆ ರಿಯಾಯಿತಿ ಕೊಡಬೇಡಿ.

ಮರುದಿನ ಪರಿಶೀಲನೆ. ಅಧಿಕಾರಿ ಹತ್ತನೆಯ ಗೆರೆಯ ಮೇಲೆ ಪೆನ್ನು ಇಟ್ಟು, ಈ ಹೆಬ್ಬೆಟ್ಟು ಯಾರ ಎದುರು ಒತ್ತಿದ್ದು ಎಂದು ಕೇಳಿದರು. ಮೈಬೂಬ ನನ್ನ ಮುಖ ನೋಡಿದ. ನಾನು ಹೇಳಿದೆ —

"ನಾ ಹೇಳಿದ್ನಿರಿ ಸಾಹೇಬ್ರ, ಆಕಿ ಕೇಳಲಿಲ್ಲ. ಕಚೇರಿಗಿ ಬರೂದಿಲ್ಲಂತ ಹಟ ಹಿಡದು ಊರಾಗs ಒತ್ತಿದ್ಲು."

"ಹೌದೇನ್ರಿ ಕಾಕಾ?" ಎಂದ ಮೈಬೂಬ, ಮೆಲ್ಲಗೆ.

"ಹೌದಪಾ."

ಹತ್ತು ಇರಬೇಕಾದ ಸೂಚಕರು ಒಂಬತ್ತೇ ಆದರು. ಅಧಿಕಾರಿ ತಮ್ಮ ಕೆಲಸ ತಾವು ಮಾಡಿದರು. ನಮ್ಮ ಹಳ್ಳಿಗಳವರ ಹೆಸರೊಂದು ಮೊದಲ ಸಲ ಮತಯಂತ್ರದ ಮೇಲೆ ಬರುವುದಿತ್ತು. ಬರಲಿಲ್ಲ.

ಸಂಜೆಯೊಳಗೆ ಸುದ್ದಿ ಊರು ಮುಟ್ಟಿತ್ತು. ಊರ ಹೆಬ್ಬಾಗಿಲ ಅಗಸಿಯ ಕಟ್ಟೆಯ ಮೇಲೆ ಗಂಡಸರು ಕೂತಿದ್ದರು, ನಾನೂ ಇದ್ದೆ. ಆಕೆ ನೇರವಾಗಿ ನನ್ನ ಮುಂದೆ ಬಂದು ನಿಂತಳು.

"ಅಣ್ಣಾರ, ನಾ ಬರ್ತೇನಿ ಅಂದಿದ್ದೆ ಹೌದಲ್ರಿ? ನೀವs ಹೇಳ್ರಿ ಇವರಿಗೆ."

"ನನಗ ನೆನಪಿಲ್ಲವ್ವಾ."

"ಏ ಹೆಬ್ಬೆಟ್ಟವ್ವಾ, ಇದೂ ಕಾಲಿವಿ ಗೇಟ ಅಂತ ತಿಳ್ದೇನು, ಹಟ ಹಿಡದು ಕುಂದರಾಕ?" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ನಾನೂ — ಹೌದು, ನಾನೂ ಸ್ವಲ್ಪ ನಕ್ಕೆ. ಆಕೆ ನನ್ನನ್ನು ಒಮ್ಮೆ ನೋಡಿ ಹೊರಟುಹೋದಳು. ಆಮೇಲೆ ಸಂಘದ ಸಭೆಗೆ ಬರಲಿಲ್ಲ. ಆಕೆ ಬಾರದ ಮೇಲೆ ಉಳಿದ ಹೆಂಗಸರೂ ಬರಲಿಲ್ಲ. ಎರಡು ವರ್ಷಕ್ಕೆ ಊರು ಬಿಟ್ಟು ಮುದ್ದೇಬಿಹಾಳದಲ್ಲಿರುವ ಮಗಳ ಮನೆ ಸೇರಿದಳು.

ಪಕ್ಷದ 'ಒಳಗೆ' ನನಗೆ ಸಿಕ್ಕಿದ್ದೇನು? ಪ್ರಣಾಳಿಕೆಯಲ್ಲಿ ಒಂದು ಸಾಲು. ವೇದಿಕೆಯ ಮೂರನೇ ಸಾಲಿನಲ್ಲಿ ಒಂದು ಕುರ್ಚಿ. ಕಾಲುವೆಗೆ ಬಾಗಿನ ಬಿಡುವ ದಿನ ನಮ್ಮೂರ ತನಕ ನೀರು ಬಿಟ್ಟರು, ಫೋಟೋ ತೆಗೆಸಿಕೊಂಡರು, ಅವರ ಕಾರುಗಳು ದಾರಿಯಲ್ಲಿನ ಸಾಲೋಟಗಿ ದಾಟುವಷ್ಟರಲ್ಲಿ ನೀರು ಇಳಿಯತೊಡಗಿತ್ತು. ಮರುದಿನ ತಳದಲ್ಲಿ ಬಾಗಿನದ ಮೊರಗಳು ಕೆಸರಲ್ಲಿ ಬಿದ್ದಿದ್ದವು. ಪಕ್ಷದ ರೈತ ಸಮಿತಿಯ ಸಭೆಯಲ್ಲಿ ನಾನು ಇದನ್ನು ಕೇಳಿದೆ. "ಕಾಕಾ, ಒಳಗಿನ ಮಾತು ಒಳಗs ಇರ್ಲಿ" ಎಂದರು. ಒಳಗೇ ಇಟ್ಟೆ! ಎಂಥ ನಾಚಿಕೆಗೇಡು. ಹೊರಗೆ ಒಬ್ಬ ಹೆಂಗಸು ಗೇಟಿನ ಮೇಲೆ ಕೂತು ಕೇಳಿದ್ದನ್ನು ಒಳಗೆ ಕುರ್ಚಿಯ ಮೇಲೆ ಕೂತ ನಾನು ಎರಡನೇ ಸಲ ಕೇಳಲಿಲ್ಲ.

ಪಕ್ಷ ಸೇರುವುದು ಅಪರಾಧ ಎನ್ನುತ್ತಿಲ್ಲ. ಅದರಲ್ಲಿ ನಂಬಿಕೆಯಿದ್ದರೆ ಅವತ್ತು ಸಭೆಯಲ್ಲಿ ಎದ್ದು ನಿಂತು ಹೇಳಬಹುದಿತ್ತು. ವಾದ ಮಾಡಿ ಸೋಲಬಹುದಿತ್ತು. ನಾನು ಪಕ್ಷೇತರರ ಜೊತೆ ಕೈ ಎತ್ತಿ, ಪಕ್ಷದ ಕೆಲಸ ಮಾಡಿದೆ.

ಈಗ ಯಾಕೆ ಹೇಳುತ್ತಿದ್ದೇನೆಂದರೆ — ಹೋದ ವಾರ ಸಂಘದ ಈಗಿನವರು ನಾಲ್ಕು ಜನ ಮನೆಗೆ ಬಂದಿದ್ದರು. ಮತ್ತೆ ಅದೇ ಪ್ರಶ್ನೆ. ಒಳಗೆ ಹೋಗೋಣವೋ, ಹೊರಗೆ ನಿಲ್ಲೋಣವೋ, ಹಿರಿಯರು ನೀವು ಹೇಳಿ. ಸಂಘಕ್ಕೆ ತಾವು ಹೊಸದಾಗಿ ಬರೆದ ನಿಯಮಗಳನ್ನು ಓದಿ ತೋರಿಸಿದರು. ಮೊದಲನೆಯದೇ, ಸಹಿ ಮಾಡಲು ಬರುವವರು ಮಾತ್ರ ಸಮಿತಿಯಲ್ಲಿರತಕ್ಕದ್ದು.

"ಹೆಬ್ಬೆಟ್ಟವ್ವನ ಕತಿ ಮತ್ತ ಬ್ಯಾಡ್ರಿ ಅಜ್ಜಾರ" ಎಂದು ಒಬ್ಬ ನಕ್ಕ.

ನನಗೆ ಅವನ ಮೇಲೆ ಸಿಟ್ಟು ಬಂತು. ಅವನೇನು ಮಾಡಿದ, ಪಾಪ? ನಾನು ಹೇಳಿದ ಸುಳ್ಳನ್ನೇ ಅವನು ನಿಯಮ ಮಾಡಿ ಬರೆದಿದ್ದಾನೆ. ಗೇಟಿನ ಮೇಲೆ ಕೂತ ಹೆಂಗಸರಲ್ಲಿ ಮುಕ್ಕಾಲು ಜನಕ್ಕೆ ಸಹಿ ಬರುತ್ತಿರಲಿಲ್ಲ. ಸಂಘ ಮುರಿದವನಿಗೆ ಸಹಿ ಬರುತ್ತಿತ್ತು, ಅಚ್ಚುಕಟ್ಟಾಗಿ.

ಒಳಗೋ ಹೊರಗೋ ಎಂದು ಅವರಿಗೆ ನಾನು ಹೇಳಲಿಲ್ಲ. ಹೇಳುವ ಅಧಿಕಾರ ನನಗಿಲ್ಲ. ಇದನ್ನೆಲ್ಲ ಬರೆದಿಟ್ಟ ಈ ಕಾಗದವನ್ನು ಸೋಮವಾರದ ಸಭೆಯಲ್ಲಿ ಮೈಬೂಬನ ಎದುರು, ಅದೇ ಅಗಸಿಯ ಕಟ್ಟೆಯ ಹತ್ತಿರ ನಿಂತು ನಾನೇ ಓದುತ್ತೇನೆ. ಆ ನಿಯಮ ಹೊಡೆದುಹಾಕಿ ಎಂದು ಕೇಳುತ್ತೇನೆ. ಆಮೇಲೆ ಮುದ್ದೇಬಿಹಾಳದ ಬಸ್ಸು. ಎರಡು ಸಲ ಹೊರಟು ಸಿಂದಗಿ ಬಸ್‌ಸ್ಟ್ಯಾಂಡಿನಿಂದ ತಿರುಗಿ ಬಂದವನು ನಾನು. ಆಕೆ ಬಾಗಿಲು ತೆರೆಯದಿದ್ದರೆ ಅದು ಆಕೆಯ ಹಕ್ಕು.

ಊರವರೇ, ಆಕೆಯ ಹೆಸರು ಹೆಬ್ಬೆಟ್ಟವ್ವ ಅಲ್ಲ. ನೀಲವ್ವ. ನೀಲವ್ವ ಯಮನಪ್ಪ ತಳವಾರ.