ಒಂದು ಹಾಡಿನಷ್ಟು ಕಾವು

ನಮ್ಮಣ್ಣ ಗಣಪತಿಯ ಟೆಂಪೋದಲ್ಲಿ ಗಡಿಯಾರವಿರಲಿಲ್ಲ. ಎಂಜಿನ್ನಿನ ಹೀಟರ್ ಕಾದಿತೆಂದು ತಿಳಿಸುವ ಪುಟ್ಟ ಕೆಂಪು ದೀಪವೂ ಎಂದೋ ಕಣ್ಣು ಮುಚ್ಚಿತ್ತು. ಡೀಸೆಲ್ ಗಾಡಿಯ ಸಹವಾಸ ಮಾಡಿದವರಾದರೆ ನಿಮಗೆ ಗೊತ್ತು, ಚಳಿಯ ಬೆಳಗಿನಲ್ಲಿ ಅದರ ಒಡಲು ಒಂದಿಷ್ಟು ಬೆಚ್ಚಗಾಗದೆ ಸೆಲ್ಫ್ ಹೊಡೆದರೆ ಗಾಡಿ ಏಳುವುದಿಲ್ಲ, ಬ್ಯಾಟರಿ ಮಾತ್ರ ಮಲಗುತ್ತದೆ. ಹೊನ್ನಾವರಕ್ಕೂ ಕುಮಟೆಗೂ ಬಾಡಿಗೆ ಓಡುತ್ತಿದ್ದ ಆ ಟೆಂಪೋದ ಕಾವಿಗೆ ಅಳತೆಗೋಲಾದವಳು ಹಳದೀಪುರದ ನಮ್ಮ ಮನೆಯಲ್ಲೇ ಇದ್ದ ಸೋದರತ್ತೆ ಮಾದೇವಿ. ಅಂಗಳ ಗುಡಿಸುತ್ತ ಅವಳು ಹಾಡುವ ಹಾಡಿನ ಒಂದು ನುಡಿ ಮುಗಿಯುವವರೆಗೆ ಅಣ್ಣ ಕೀಲಿಯನ್ನು ಹೀಟರಿಗೆ ತಿರುಗಿಸಿ ಹಿಡಿದಿರುತ್ತಿದ್ದ, ಮುಗಿದೊಡನೆ ಸೆಲ್ಫ್. ಒಂದು ತೆಳ್ಳನೆಯ ಶಾಲಿಗೇ ಸೋಲುವ ನಮ್ಮ ಕರಾವಳಿಯ ಚಳಿಗೆ ಅಷ್ಟು ಸಾಕಾಗುತ್ತಿತ್ತು.

ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ, ಅತ್ತೆಯ ನೆಟ್ಟಿ ಹಾಡುಗಳನ್ನು ಧ್ವನಿಮುದ್ರಿಸಿಕೊಳ್ಳುತ್ತೇವೆಂದು ಧಾರವಾಡದ ರೇಡಿಯೋ ಕೇಂದ್ರದಿಂದ ಕರೆ ಬಂತು. ಭತ್ತದ ಸಸಿ ನೆಡುತ್ತ ಗದ್ದೆಯಲ್ಲಿ ಅವಳ ತಾಯಿ ಹಾಡುತ್ತಿದ್ದ ಆ ಹಾಡುಗಳು ಪೂರ್ತಿಯಾಗಿ ಬರುತ್ತಿದ್ದುದು ಊರಿನಲ್ಲಿ ಅವಳೊಬ್ಬಳಿಗೇ. ಹಿಂದಿನಿಂದ ಸೊಲ್ಲು ಹಿಡಿಯುವ ಇಬ್ಬರು ನೆರೆಯ ಹೆಂಗಸರನ್ನೂ ಕೂರಿಸಿಕೊಂಡು ಹೊರಟವರು ದಾರಿಯಲ್ಲಿ ಯಲ್ಲಾಪುರದ ನೆಂಟರ ಮನೆಯಲ್ಲಿ ಉಳಿದೆವು. ಬೆಳಗಾಗುವಷ್ಟರಲ್ಲಿ ಘಟ್ಟದ ಚಳಿ ಕೊಟ್ಟಿಗೆಯಲ್ಲಿದ್ದ ಎಂಜಿನ್ನನ್ನೂ ಜಗಲಿಯಲ್ಲಿ ಮಲಗಿದ್ದ ಅತ್ತೆಯ ಗಂಟಲನ್ನೂ ಒಟ್ಟಿಗೇ ಹಿಡಿದಿತ್ತು.

"ಗಾಡಿ ಅಡಿಗೆ ಒಂದು ಬುಟ್ಟಿ ಕೆಂಡ ಇಡ್ವನಾ?" ಎಂದರು ಮನೆಯ ಯಜಮಾನರು.

"ಡೀಸೆಲ್ ಬುಡಕ್ಕೆ ಬೆಂಕಿಯಾ? ಬ್ಯಾಡ ಮಾರಾಯ್ರೆ! ಮೊದ್ಲು ಹೊರಗೆ ದಬ್ಬುವಾ. ಇಲ್ಲೇ ಚಾಲೂ ಮಾಡಿದ್ರೆ ಕೊಟ್ಟಿಗೆ ತುಂಬ ಹೊಗೆ," ಎಂದ ಅಣ್ಣ.

ದಬ್ಬಿದೆವು. ಅಭ್ಯಾಸಬಲದಿಂದ ಅತ್ತೆ ಹಾಡಲು ಬಾಯಿ ತೆರೆದಳು. ಅಣ್ಣ ಕೈಮುಗಿದ.

"ನೀ ಸುಮ್ನಿರೇ ಅತ್ತೆ. ಉಳ್ದ ಗಂಟ್ಲು ಧಾರವಾಡಕ್ಕೆ ಬೇಕು. ಇವತ್ತು ನಾನೇ ಹಾಡ್ತೆ."

ಜನ್ಮದಲ್ಲಿ ಗುನುಗದ ಅಣ್ಣ, ಸ್ಟಾಪುಗಳ ಹೆಸರು ಕೂಗುವ ಕಂಡಕ್ಟರನಂತೆ ಒಂದು ನುಡಿ ಹಾಡಿ ಮುಗಿಸಿ ಸೆಲ್ಫ್ ಹೊಡೆದ. ಟೆಂಪೋ ಕೆಮ್ಮಿ, ಬಿಳಿಹೊಗೆ ಉಗುಳಿ ಸುಮ್ಮನಾಯಿತು. ಹೆಂಗಸರಿಬ್ಬರು ಸೆರಗಿನಲ್ಲಿ ನಕ್ಕರು.

"ಎಂತದಾ ಗಣಪ್ಪಾ," ಅತ್ತೆ ಪಿಸುಗುಟ್ಟಿದಳು, "ನಿಂಗೆ ಕಡೇ ಬಸ್ಸು ತಪ್ಪೂದ್ಯಾ? ನಿಧಾನ ಹಾಡಾ. ಇಲ್ಲಿ ಚಳಿಗೆ ಎರಡು ನುಡಿ ಬೇಕು."

ಈ ಸಲ ಹೆಂಗಸರೂ ಸೊಲ್ಲು ಕೊಟ್ಟರು. ನಾಟಿಯ ಗದ್ದೆಯಲ್ಲಿ ಬಗ್ಗಿದವರ ನಡುವಿಗೆ ಬಲ ಕೊಟ್ಟ ಹಾಡು, ಆ ಚಳಿಯಲ್ಲಿ ಒಬ್ಬ ಅವಸರದ ಚಾಲಕನಿಗೆ ತಾಳ್ಮೆ ಕೊಟ್ಟಿತು. ಎರಡನೆಯ ನುಡಿಯ ಕೊನೆಗೆ ಎಂಜಿನ್ ಎದ್ದಿತು.

"ಆತು, ಹೊರಡು!" ಎಂದೆ ನಾನು.

"ಎದ್ದ ಕೂಡ್ಲೆ ಓಡ್ಸೂದಲ್ಲ, ತಡಿ," ಎಂದು ಅಣ್ಣ ಅದನ್ನು ಮೆಲ್ಲಗೆ ಗುಡುಗಲು ಬಿಟ್ಟ. ಡ್ರೈವರನ ಪಕ್ಕದಲ್ಲಿ ಉಬ್ಬಿರುವ ಎಂಜಿನ್ ಮುಚ್ಚಳ ನಿಧಾನವಾಗಿ ಬಿಸಿಯಾಯಿತು. ಅತ್ತೆ ಅದರ ಮೇಲೆ ಅಂಗೈ ಊರಿ, ಕಾಳುಮೆಣಸಿನ ಕಷಾಯ ಗುಟುಕರಿಸುತ್ತ ಧಾರವಾಡದವರೆಗೂ ತುಟಿ ಬಿಚ್ಚಲಿಲ್ಲ. ಬೇಗ ಏಳದ ಆ ಗಾಡಿಗೆ ನಾನು ಇಂದಿಗೂ ಋಣಿ. ಆ ಬೆಳಗು ಹಾಗೆ ಸತಾಯಿಸದಿದ್ದರೆ ಅತ್ತೆಯ ಗಂಟಲನ್ನು ಇಷ್ಟು ಜನ ಕೂಡಿ ಕಾಪಾಡುತ್ತಿದ್ದೆವೇ?

ಧಾರವಾಡದಲ್ಲಿ ಅವಳ ದನಿ ಮೊದಲು ತಡವರಿಸಿತು, ಆಮೇಲೆ ತುಂಬಿ ಬಂತು. ಎರಡನೆಯ ನುಡಿಯ ಕೊನೆಗೆ, ಇಬ್ಬರು ಹೆಂಗಸರ ಸೊಲ್ಲಿನೊಳಗೆ ಬಾಗಿಲ ಬಳಿಯಿಂದ ಮೂರನೆಯ ಒಂದು ಒಡಕು ಗಂಡುದನಿಯೂ ಸೇರಿಬಿಟ್ಟಿತು. ಅಣ್ಣ ನಾಲಗೆ ಕಚ್ಚಿಕೊಂಡ.

"ಇನ್ನೊಮ್ಮೆ ಹಾಡಿ ಅಮ್ಮಾ, ಅದನ್ನು ಅಳಿಸುತ್ತೇವೆ," ಎಂದರು ಯಂತ್ರದ ಮುಂದಿದ್ದವರು.

"ಬ್ಯಾಡ ತಮಾ, ಇರ್ಲಿ," ಎಂದಳು ಅತ್ತೆ. "ಅಂವ ಹಾಡಿದ್ದಕ್ಕೇ ನಾನು ಇಲ್ಲಿಗೆ ಮುಟ್ಟಿದ್ದು."