ಕೋಟೆಯ ಮೇಲೊಂದು ಜೊತೆ ಚಪ್ಪಲಿ

ನೆದರ್ಲೆಂಡ್ಸ್‌ನ ಕಾಪೆಲ್ಲೆ ಆನ್ ಡೆನ್ ಐಸೆಲ್ ಊರಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹರಿಣಾಕ್ಷಿ ಅಡುಗೆಮನೆಯಲ್ಲಿ ಕೂತು ಒಂದು ಸ್ವೆಟರಿನ ಒಳಮಗ್ಗುಲಿಗೆ ತಮ್ಮ ಫೋನ್ ನಂಬರ್ ಬರೆದ ಬಟ್ಟೆಚೂರು ಹೊಲಿಯುತ್ತಿದ್ದಾರೆ. ಪಕ್ಕದಲ್ಲಿ ಚಪಾತಿ ಸುರುಳಿ, ಮಂಡಿಪಟ್ಟಿ, ಮಾತ್ರೆ ಡಬ್ಬಿ. ಸ್ವೆಟರು ಪದ್ಮಿನಿ ಎಂಬ ಹಿರಿಯರದು. ಇಂದು ಅವರನ್ನು ಇಟಲಿಯ ಲುಕ್ಕಾ ಊರಿಗೆ ಕರೆದೊಯ್ಯಬೇಕು.

ನೆದರ್ಲೆಂಡ್ಸ್‌ನ ಕನ್ನಡದ ಮನೆಗಳಲ್ಲಿ ಬೇಸಿಗೆ ಎಂದರೆ ಊರಿನಿಂದ ಅಪ್ಪ ಅಮ್ಮ ಬರುವ ಕಾಲ. ಬಂದವರಿಗೆ ದೇಶ ತೋರಿಸುವ ಆಸೆ ಮಕ್ಕಳಿಗಿದೆ, ರಜೆ ಇಲ್ಲ. ಆಗ ನೆನಪಾಗುವವರು ಉಡುಪಿ ಕಡೆಯ ಈ ಹರಿಣಾಕ್ಷಿ. ಹಿರಿಯರ ಕೈ ಹಿಡಿದು ಊರು ಸುತ್ತಿಸುವುದು ಇವರ ಕೆಲಸ. ಯಾರ ಆಲ್ಬಮ್ಮಿನಲ್ಲೂ ಇವರ ಮುಖವಿಲ್ಲ. ಫೋಟೋ ತೆಗೆಯುವವರು ಇವರೇ ಅಲ್ಲವೇ.

ನಂಬರ್ ಹೊಲಿಯುವ ಅಭ್ಯಾಸ ಬಂದದ್ದು ಕಳೆದ ವರ್ಷ, ಇದೇ ಲುಕ್ಕಾಕ್ಕೆ ಹೋಗಿ ಬಂದ ಮೇಲೆ. ಆ ಮಾತು ತೆಗೆದರೆ ಈಗಲೂ ಕೈಯಲ್ಲಿನ ಸೂಜಿ ನಿಲ್ಲುತ್ತದೆ.

ಲುಕ್ಕಾದ ಸುತ್ತ ಹಳೆಯ ಕೋಟೆಗೋಡೆ, ಅದರ ಮೇಲೆ ಸಾಲುಮರದ ಅಗಲ ದಾರಿ. ಒಳಗೆ ಎತ್ತ ತಿರುಗಿದರೂ ಒಂದು ಚರ್ಚು, ನೆತ್ತಿಯ ಮೇಲೆ ಮರ ಬೆಳೆಸಿಕೊಂಡ ಗೋಪುರ ಬೇರೆ. ನೆದರ್ಲೆಂಡ್ಸ್‌ನದೇ ವಾಗೆನಿಂಗನ್ ಊರಿನಲ್ಲಿರುವ ಸ್ಪಂದನಾಳ ತಂದೆ, ಮೈಸೂರಿನ ಮಹಾಬಲೇಶ್ವರ ಅವರನ್ನು ಗೋಡೆಯ ಮೇಲಿನ ಬೆಂಚಿನಲ್ಲಿ ಕೂರಿಸಿ ಹರಿಣಾಕ್ಷಿ ನೀರು ತರಲು ಇಳಿದಿದ್ದರು. ಬಂದು ನೋಡಿದರೆ ಬೆಂಚು ಖಾಲಿ. ಗೋಡೆಯ ಅಂಚಿನಲ್ಲಿ ಅವರ ಚಪ್ಪಲಿ ಮಾತ್ರ ಇತ್ತು.

“ಬಗ್ಗಿ ನೋಡ್ಲಿಕ್ಕೆ ಧೈರ್ಯ ಬರ್ಲಿಲ್ಲ,” ಎನ್ನುತ್ತಾರೆ. ಕೊನೆಗೂ ಬಗ್ಗಿದರು. ಕೆಳಗೆ ಬರೀ ಹುಲ್ಲು. ಹಾಗಾದರೆ ಮನುಷ್ಯ ಎಲ್ಲಿ? ಅಷ್ಟರಲ್ಲಿ ಸ್ಪಂದನಾಳ ಫೋನ್ ಬಂತು, ಅಪ್ಪನಿಗೆ ಕೊಡಿ ಆಂಟಿ ಎಂದಳು. ಸುಳ್ಳು ನಾಲಗೆಯ ತುದಿಗೇ ಬಂದಿತ್ತು.

“ಅಪ್ಪ ಕಾಣುದಿಲ್ಲ ಮಗಾ. ಹುಡುಕ್ತಾ ಇದ್ದೇನೆ,” ಎಂದರು. ಕರೆ ಕಡಿಯದೆ ಫೋನನ್ನು ಕೈಯಲ್ಲೇ ಹಿಡಿದುಕೊಂಡರು.

ಮತ್ತೆ ಚಪ್ಪಲಿ ನೋಡಿದರು. ದೇವಸ್ಥಾನದ ಬಾಗಿಲಲ್ಲಿ ಬಿಟ್ಟ ಹಾಗೆ ಒಪ್ಪವಾಗಿ ಜೋಡಿಯಾಗಿದ್ದವು. ಬೆಳಿಗ್ಗೆಯಷ್ಟೇ ಅವರು, ಈ ದಾರಿ ಊರನ್ನೆಲ್ಲ ಸುತ್ತಿ ಬರುತ್ತದೆಯೇ, ಒಳಗೆ ಎಷ್ಟೊಂದು ದೇವರುಗಳಿದ್ದಾರೆ ಎಂದಿದ್ದರು. ಮಹಾರಾಯರು ಪ್ರದಕ್ಷಿಣೆಗೆ ಹೊರಟಿದ್ದಾರೆ! ಪ್ರದಕ್ಷಿಣೆ ಎಂದ ಮೇಲೆ ಊರನ್ನು ಬಲಕ್ಕಿಟ್ಟುಕೊಂಡೇ ಹೋಗಿರಬೇಕು. ಎದುರಾಗಲೆಂದು ಹರಿಣಾಕ್ಷಿ ಎಡಕ್ಕಿಟ್ಟುಕೊಂಡು ಓಡಿದರು.

ಊರಿನ ಆಚೆ ಬದಿಯಲ್ಲಿ ಸಿಕ್ಕರು. ಬರಿಗಾಲು, ಮಡಚಿದ ಪ್ಯಾಂಟು, ಕಂಡ ಕಂಡ ಗೋಪುರಕ್ಕೆಲ್ಲ ಕೈಮುಗಿಯುತ್ತ ಬರುತ್ತಿದ್ದರು.

“ಬಾ ತಾಯಿ, ಇನ್ನರ್ಧ ಇದೆ. ಹಿಡಿದ ಸುತ್ತು ನಡುವೆ ಬಿಡಬಾರದು.”

ಬೈಯಬೇಕೆಂದಿದ್ದ ಹರಿಣಾಕ್ಷಿಗೆ ಅಳುವೇ ಬಂತು. ಮೊದಲು ಅವರ ಕಿವಿಗೆ ಫೋನ್ ಹಿಡಿದರು. ಆಮೇಲೆ ಅವರ ಕೈ ಹಿಡಿದು ಉಳಿದರ್ಧ ಸುತ್ತು ಜೊತೆಗೆ ನಡೆದವರು ಚಪ್ಪಲಿ ಸಿಗುವವರೆಗೂ ಕೈ ಬಿಡಲಿಲ್ಲ.

ಮನೆಗೆ ಬಂದವರೇ ಈ ಕೆಲಸ ಸಾಕು ಎಂದುಬಿಟ್ಟಿದ್ದರು. ಹಾಗೆನ್ನಬೇಡಿ ಎಂದವಳು ಸ್ಪಂದನಾಳೇ. ನೀವು ಅಂದು ಸುಳ್ಳು ಹೇಳಲಿಲ್ಲವಲ್ಲ, ನನಗೆ ಅಷ್ಟು ಸಾಕು ಎಂದಳಂತೆ. ಇಂದು ಹೊರಟಿರುವ ಪದ್ಮಿನಿ ಅವಳ ಅತ್ತೆ.

ಹರಿಣಾಕ್ಷಿ ಹಲ್ಲಿನಲ್ಲಿ ದಾರ ಕಡಿದು ಸ್ವೆಟರು ಮಡಚುತ್ತಾರೆ. ನಿಮಗೇನು ಆಸೆ ಎಂದರೆ ನಗು ಬರುತ್ತದೆ.

“ಆ ದಿನ ಅರ್ಧ ಉಲ್ಟಾ ಓಡಿದೆ, ಅರ್ಧ ಸೀದಾ ಬಂದೆ. ದೇವರ ಲೆಕ್ಕದಲ್ಲಿ ಸೊನ್ನೆಯೇ ಆಯ್ತಲ್ಲ ಮಾರಾಯ್ರೆ. ಒಮ್ಮೆ ನಾನೊಬ್ಳೇ, ಯಾರನ್ನೂ ಹುಡುಕದೆ, ಪೂರ್ತಿ ಒಂದು ಸುತ್ತು ಬರ್ಬೇಕು.”